ಕನ್ನಡ ಕೈಪಿಡಿಗೆ ರೀಡ್ ದ ಡಾಕ್ಸ್ ಎಷ್ಟು ಒಗ್ಗುತ್ತದೆ? ರಾಯಚೂರು-ಕೊಪ್ಪಳ ಸೀಮೆಯಿಂದ ಒಂದು ವಿಮರ್ಶೆ

ಗಂಗಾವತಿ, ಕಾರಟಗಿ, ಸಿಂಧನೂರಿನ ಕಡೆ ಭತ್ತದ ದರ ಮಾತಾಡುವುದು 75 ಕೆ.ಜಿ. ಚೀಲದ ಲೆಕ್ಕದಲ್ಲಿ, ಸರ್ಕಾರದ ಬೆಂಬಲ ಬೆಲೆ ಬರುವುದು ಕ್ವಿಂಟಲ್ ಲೆಕ್ಕದಲ್ಲಿ. ಅಕ್ಕಿ ಗಿರಣಿಯ ತೂಕದ ಚೀಟಿ ಬರೆದುಕೊಡುವ ಒಂದು ಓಪನ್ ಸೋರ್ಸ್ ತಂತ್ರಾಂಶ ಇದೆ ಎಂದುಕೊಳ್ಳಿ. ಮೊದಲ ಆವೃತ್ತಿಗೆ ಕ್ವಿಂಟಲ್ ಮಾತ್ರ ಗೊತ್ತು. ಎರಡನೆಯದರಲ್ಲಿ ಚೀಲದ ತೂಕ ಕೊಡುವ ಜಾಗವೂ ಬಂತು. ಗಿರಣಿಯ ಕಂಪ್ಯೂಟರಿನಲ್ಲಿ ಇರುವುದು ಮೊದಲನೆಯದು; ಗುಮಾಸ್ತರು ಮೊಬೈಲಿನಲ್ಲಿ ತೆರೆದ ಕೈಪಿಡಿ ಎರಡನೆಯದರದ್ದು. ಇಲ್ಲದ ಬಟನ್ ಹುಡುಕಿ ಹೊತ್ತು ಕಳೆಯುವುದು ಒಂದು ಕಡೆ, 75 ಎಂಬುದನ್ನು ತಪ್ಪು ಜಾಗದಲ್ಲಿ ಹೊಡೆದು ದಿನದ ಲೆಕ್ಕವೇ ಏರುಪೇರಾಗುವುದು ಇನ್ನೊಂದು ಕಡೆ. ತಂತ್ರಾಂಶ ಸರಿಯಿದೆ, ಕೈಪಿಡಿಯೂ ಸರಿಯಿದೆ. ಒಂದಕ್ಕೊಂದು ತಾಳೆಯಾಗುತ್ತಿಲ್ಲ, ಅಷ್ಟೆ.

ಡಾಕ್ಯುಮೆಂಟೇಶನ್ ತಾಣವನ್ನು ಅಳೆಯುವುದು ಇಲ್ಲಿಂದ ಶುರುವಾಗಬೇಕು. ಥೀಮ್ ಎಷ್ಟು ಚಂದ, ಡಾರ್ಕ್ ಮೋಡ್ ಇದೆಯೋ ಇಲ್ಲವೋ ಎಂಬುದು ಆಮೇಲಿನ ಮಾತು. ಓದುವವರ ಕೈಯಲ್ಲಿರುವ ಆವೃತ್ತಿಗೆ ಸರಿಹೊಂದುವ ಪುಟ ಸಿಗುತ್ತದೆಯೇ? ಅವರ ಭಾಷೆಯಲ್ಲಿ ಸಿಗುತ್ತದೆಯೇ? ಅವರು ಹುಡುಕಿದ ಪದಕ್ಕೆ ಸಿಗುತ್ತದೆಯೇ? ಈ ಮೂರು ಪ್ರಶ್ನೆ ಇಟ್ಟುಕೊಂಡು ನೋಡಿದರೆ, ಕೈಪಿಡಿಗಳನ್ನು ಜಾಲದಲ್ಲಿ ಪ್ರಕಟಿಸುವ ಸೇವೆಯಾದ ರೀಡ್ ದ ಡಾಕ್ಸ್‌ಗೆ ಮೊದಲನೆಯದರಲ್ಲಿ ಪೂರ್ತಿ ಅಂಕ, ಎರಡನೆಯದರಲ್ಲಿ ಮುಕ್ಕಾಲು. ಮೂರನೆಯದರಲ್ಲಿ, ಸ್ಫಿಂಕ್ಸ್ (ಬರೆದ ಪಠ್ಯವನ್ನು ಜಾಲಪುಟವಾಗಿಸುವ ತಂತ್ರಾಂಶ) ಜೊತೆ ಬಳಸಿದಾಗ, ಕನ್ನಡಕ್ಕೆ ಕೈಕೊಡುತ್ತದೆ. ಯಾಕೆ ಕೈಕೊಡುತ್ತದೆ, ಅದಕ್ಕೆ ಏನು ಮಾಡಬಹುದು ಎಂಬುದೇ ಈ ಬರಹದ ದೊಡ್ಡ ಪಾಲು.

ರೀಡ್ ದ ಡಾಕ್ಸ್ ಶುರುವಾದದ್ದು 2010 ರಲ್ಲಿ. ಓಪನ್ ಸೋರ್ಸ್ ಯೋಜನೆಗಳಿಗೆ ಪುಕ್ಕಟೆ. ಬದಲಿಗೆ ಪುಟದಲ್ಲಿ ಒಂದು ಸಣ್ಣ ಜಾಹೀರಾತು ಇರುತ್ತದೆ. ಓದುಗರ ಬೆನ್ನು ಹತ್ತುವ ಜಾತಿಯ ಜಾಹೀರಾತಲ್ಲ ಅದು, ಆ ಮಟ್ಟಿಗೆ ಒಪ್ಪಬಹುದು. ಸೇವೆಯ ಕೆಲಸ ಸರಳ: ಗಿಟ್‌ಹಬ್ ಅಥವಾ ಗಿಟ್‌ಲ್ಯಾಬ್‌ನಲ್ಲಿರುವ ನಿಮ್ಮ ರೆಪೊಸಿಟರಿಗೆ (ಫೈಲುಗಳ ಸಂಗ್ರಹಕ್ಕೆ) ಬದಲಾವಣೆ ಪುಶ್ ಆದ, ಅಂದರೆ ಸೇರಿದ ಕೂಡಲೇ ಅದನ್ನು ಎಳೆದುಕೊಂಡು, ತನ್ನ ಯಂತ್ರದಲ್ಲಿ ಬಿಲ್ಡ್ ಮಾಡಿ (ಜಾಲಪುಟವಾಗಿಸಿ), ಪ್ರಕಟಿಸುತ್ತದೆ. ಮಧ್ಯಾಹ್ನ ಕರೆಂಟು ಹೋಗುವ ಊರಿನಲ್ಲಿ ಕೂತು ಕೆಲಸ ಮಾಡುವವರಿಗೆ ಇದು ಸಣ್ಣ ಸೌಲಭ್ಯವಲ್ಲ. ಮೊಬೈಲಿನಿಂದಲೇ ಒಂದು ಸಾಲು ತಿದ್ದಿ ಕಮಿಟ್ ಮಾಡಿದರೂ ತಾಣ ಹೊಸದಾಗುತ್ತದೆ.

ಸಿದ್ಧತೆಗೆ ಬೇಕಾದದ್ದು ಮೂರು ಫೈಲು. ರೆಪೊಸಿಟರಿಯ ಬೇರಿನಲ್ಲಿ, ಅಂದರೆ ಎಲ್ಲಕ್ಕಿಂತ ಹೊರಗಿನ ಫೋಲ್ಡರಿನಲ್ಲಿ, ಬಿಲ್ಡ್ ಸೂಚನೆಗಳಿರುವ, ಹೆಸರಿನ ಮೊದಲಿಗೆ ಚುಕ್ಕಿ ಇರುವ ರೀಡ್‌ದಡಾಕ್ಸ್ ಯಾಮಲ್ ಫೈಲು. ಡಾಕ್ಸ್ ಫೋಲ್ಡರಿನಲ್ಲಿ ಸ್ಫಿಂಕ್ಸ್‌ನ ಸೆಟ್ಟಿಂಗ್ಸ್ ಫೈಲಾದ ಕಾನ್ಫ್ ಡಾಟ್ ಪಿವೈ. ಅದರ ಪಕ್ಕದಲ್ಲೇ, ಬೇಕಾದ ತಂತ್ರಾಂಶಗಳ ಹೆಸರಿರುವ ರಿಕ್ವೈರ್‌ಮೆಂಟ್ಸ್ ಪಟ್ಟಿ. ಯಾಮಲ್ ಫೈಲಿನಲ್ಲಿ ವರ್ಶನ್ 2 ಎಂದು ಬರೆದು, ಬಿಲ್ಡ್ ಕೆಳಗೆ ಉಬುಂಟು 24.04, ಪೈಥಾನ್ 3.12 ಎಂದು ತಿಳಿಸಿ, ಕಾನ್ಫ್ ಎಲ್ಲಿದೆ, ರಿಕ್ವೈರ್‌ಮೆಂಟ್ಸ್ ಎಲ್ಲಿದೆ ಎಂದು ದಾರಿ ಕೊಟ್ಟರೆ ಸಾಕು. ಪೈಥಾನ್ ಆವೃತ್ತಿಯನ್ನು ಕೊಟೇಶನ್ ಗುರುತಿನೊಳಗೆ ಬರೆಯಿರಿ. ಬಿಟ್ಟರೆ 3.10 ಎಂಬುದನ್ನು ಯಾಮಲ್ ದಶಮಾಂಶ ಸಂಖ್ಯೆ ಎಂದು ಓದಿ 3.1 ಮಾಡಿಬಿಡುತ್ತದೆ.

ಮೊದಲ ಬಿಲ್ಡ್ ಕೆಂಪಾಗುವುದಕ್ಕೆ, ಅಂದರೆ ವಿಫಲವಾಗುವುದಕ್ಕೆ, ಸಾಮಾನ್ಯ ಕಾರಣ ಥೀಮ್. ನಿಮ್ಮ ಲ್ಯಾಪ್‌ಟಾಪಿನಲ್ಲಿ ಥೀಮ್ ಎಂದೋ ಇನ್‌ಸ್ಟಾಲ್ ಆಗಿರುತ್ತದೆ. ರೀಡ್ ದ ಡಾಕ್ಸ್‌ನ ಯಂತ್ರ ಪ್ರತಿ ಸಲ ಖಾಲಿಯಾಗಿ ಶುರುವಾಗುತ್ತದೆ. ರಿಕ್ವೈರ್‌ಮೆಂಟ್ಸ್‌ನಲ್ಲಿ ಥೀಮಿನ ಹೆಸರಿಲ್ಲದಿದ್ದರೆ ಅಂಥ ಥೀಮ್ ಸಿಗಲಿಲ್ಲ ಎಂದು ನಿಲ್ಲುತ್ತದೆ. ಸ್ಫಿಂಕ್ಸ್, ಥೀಮ್, ಎಕ್ಸ್‌ಟೆನ್ಶನ್ ಮೂರನ್ನೂ ಆವೃತ್ತಿ ಸಂಖ್ಯೆ ಸಮೇತ ಬರೆದಿಡಿ. ಸಂಖ್ಯೆ ಬರೆಯದೆ ಬಿಟ್ಟರೆ ಇವತ್ತು ಹಸಿರಾಗಿರುವ ಬಿಲ್ಡ್ ಆರು ತಿಂಗಳ ನಂತರ, ನೀವು ಒಂದಕ್ಷರ ಮುಟ್ಟದಿದ್ದರೂ, ಮುರಿದುಬೀಳಬಹುದು.

ಈಗ ಆವೃತ್ತಿಗಳ ವಿಷಯ. ಮುಖ್ಯ ಬ್ರಾಂಚಿನಿಂದ (ಕೆಲಸ ನಡೆಯುತ್ತಿರುವ ಕವಲಿನಿಂದ) ಲೇಟೆಸ್ಟ್ ಎಂಬ ಆವೃತ್ತಿ ತಯಾರಾಗುತ್ತದೆ. 2.0.0 ಮಾದರಿಯಲ್ಲಿ ಟ್ಯಾಗ್ (ಬಿಡುಗಡೆಯ ಗುರುತು) ಹಾಕಿದರೆ, ಬೀಟಾ ಅಲ್ಲದ ಟ್ಯಾಗುಗಳಲ್ಲಿ ಅತಿ ದೊಡ್ಡದನ್ನು ಹಿಡಿದು ಸ್ಟೇಬಲ್ ಆಗುತ್ತದೆ. ಹಳೆಯ ಟ್ಯಾಗುಗಳನ್ನು ವರ್ಶನ್ಸ್ ಪುಟದಲ್ಲಿ ನೀವೇ ಸಕ್ರಿಯ ಮಾಡಬೇಕು; ಆಟೊಮೇಶನ್ ನಿಯಮ ಬರೆದಿಟ್ಟರೆ ಮುಂದೆ ಬರುವ ಟ್ಯಾಗುಗಳು ತಾವಾಗಿ ಸಕ್ರಿಯವಾಗುತ್ತವೆ. ಪುಟದ ಮೂಲೆಯ ಪಟ್ಟಿಯಲ್ಲಿ ಗುಮಾಸ್ತರು 1.4 ಒತ್ತಿದರೆ 1.4 ರ ಕೈಪಿಡಿ ಬರುತ್ತದೆ. ಇದಕ್ಕಾಗಿ ನೀವು ಒಂದು ಸಾಲು ಕೋಡ್ ಕೂಡ ಬರೆಯಬೇಕಿಲ್ಲ. ಬೇರೆ ದಾರಿಗಳಲ್ಲಿ ಇದೇ ಕೆಲಸಕ್ಕೆ ಎಷ್ಟು ಒದ್ದಾಡಬೇಕು ಎಂಬುದನ್ನು ಬಲ್ಲವರಿಗೆ ಇದರ ಬೆಲೆ ಗೊತ್ತು.

ಇಲ್ಲೂ ಒಂದು ಎಡವುಗಲ್ಲು ಇದೆ. ಪ್ರತಿ ಆವೃತ್ತಿ ಬಿಲ್ಡ್ ಆಗುವುದು ಆ ಟ್ಯಾಗಿನೊಳಗೆ ಇರುವ ಫೈಲುಗಳಿಂದಲೇ. 2023 ರ ಸೆಪ್ಟೆಂಬರಿನಿಂದ ಯಾಮಲ್ ಫೈಲು ಕಡ್ಡಾಯವಾಗಿದೆ. ಅದಕ್ಕೂ ಹಿಂದಿನ ಟ್ಯಾಗಿನಲ್ಲಿ ಆ ಫೈಲು ಇಲ್ಲದಿದ್ದರೆ, ಹೊಸದಾಗಿ ಬಿಲ್ಡ್ ಮಾಡಹೋದರೆ ಆಗುವುದಿಲ್ಲ. ಟ್ಯಾಗನ್ನು ತಿದ್ದಲು ಹೋಗಬೇಡಿ. ಹಳೆಯ ಟ್ಯಾಗಿನಿಂದ ಒಂದು ಬ್ರಾಂಚ್ ತೆಗೆದು, ಯಾಮಲ್ ಮತ್ತು ಸಂಖ್ಯೆ ಕಟ್ಟಿದ ರಿಕ್ವೈರ್‌ಮೆಂಟ್ಸ್ ಎರಡನ್ನೂ ಅದರಲ್ಲಿ ಸೇರಿಸಿ, ಆ ಬ್ರಾಂಚನ್ನೇ ಆವೃತ್ತಿಯಾಗಿ ಸಕ್ರಿಯ ಮಾಡಿ. ಇನ್ನು ಯಾರೂ ಬಳಸದಷ್ಟು ಹಳೆಯದಾದ ಆವೃತ್ತಿಯನ್ನು ಅಳಿಸುವ ಬದಲು ಹಿಡನ್ ಎಂದು ಗುರುತು ಮಾಡಿ. ಪಟ್ಟಿಯಲ್ಲಿ ಕಾಣುವುದಿಲ್ಲ, ಆದರೆ ಎಲ್ಲೋ ವಾಟ್ಸಾಪ್ ಗುಂಪಿನಲ್ಲಿ ಹಂಚಿದ ಹಳೆಯ ಕೊಂಡಿ ಒತ್ತಿದವರಿಗೆ ಪುಟ ಸಿಗುತ್ತದೆ.

ಎರಡನೆಯ ಪ್ರಶ್ನೆ, ಭಾಷೆ. ಇಲ್ಲಿ ಒಂದು ಯೋಜನೆಗೆ ಒಂದೇ ಭಾಷೆ. ಇಂಗ್ಲಿಷ್ ಮುಖ್ಯ ಯೋಜನೆ. ಕನ್ನಡಕ್ಕೆ ಅದೇ ರೆಪೊಸಿಟರಿಯನ್ನು ತೋರಿಸುವ ಎರಡನೆಯ ಯೋಜನೆ ಮಾಡಿ, ಅದರ ಭಾಷೆ ಕನ್ನಡ ಎಂದು ಆರಿಸಿ, ಆಮೇಲೆ ಮುಖ್ಯ ಯೋಜನೆಯ ಟ್ರಾನ್ಸ್‌ಲೇಶನ್ಸ್ ಪುಟದಲ್ಲಿ ಅದನ್ನು ಜೋಡಿಸಬೇಕು. ಆಗ ಎರಡೂ ಒಂದೇ ವಿಳಾಸದ ಕೆಳಗೆ ಬರುತ್ತವೆ, ಕನ್ನಡದ್ದಕ್ಕೆ ನಡುವೆ ಕೆಎನ್ ಎಂಬ ಭಾಷಾಸೂಚಿ ಸೇರುತ್ತದೆ. ಕಾನ್ಫ್ ಫೈಲಿನಲ್ಲಿ ಭಾಷೆ ಕೆಎನ್ ಎಂದು ಬರೆದೂ ಪುಟಗಳು ಇಂಗ್ಲಿಷಿನಲ್ಲೇ ಬರುತ್ತಿವೆ ಎಂದಾದರೆ ಮೊದಲು ನೋಡಬೇಕಾದದ್ದು ಯೋಜನೆಯ ಸೆಟ್ಟಿಂಗ್ಸ್. ಬಿಲ್ಡ್ ಮಾಡುವಾಗ ಸೇವೆ ತನ್ನ ಸೆಟ್ಟಿಂಗ್ಸ್‌ನಲ್ಲಿರುವ ಭಾಷೆಯನ್ನು ಸ್ಫಿಂಕ್ಸ್‌ಗೆ ಕಮಾಂಡಿನಲ್ಲೇ ಹೇಳುತ್ತದೆ. ಕಾನ್ಫ್‌ನಲ್ಲಿ ನೀವು ಬರೆದದ್ದರ ಮೇಲೆ ಅದರದ್ದೇ ಮಾತು ನಡೆಯುತ್ತದೆ.

ಅನುವಾದದ ಕೆಲಸ ಹೀಗೆ ಸಾಗುತ್ತದೆ. ಕಾನ್ಫ್‌ನಲ್ಲಿ ಲೊಕೇಲ್ ಫೋಲ್ಡರಿನ ದಾರಿ ಕೊಟ್ಟು, ಗೆಟ್‌ಟೆಕ್ಸ್ಟ್ ಕಾಂಪ್ಯಾಕ್ಟ್ ಎಂಬುದನ್ನು ಫಾಲ್ಸ್ ಮಾಡಿ. ಮೇಕ್ ಗೆಟ್‌ಟೆಕ್ಸ್ಟ್ ಎಂಬ ಕಮಾಂಡ್ ಕೊಟ್ಟರೆ ಪ್ರತಿ ಪುಟಕ್ಕೂ ಒಂದು ಪಿಒಟಿ ಫೈಲು (ಅನುವಾದಿಸಬೇಕಾದ ಪಠ್ಯದ ಪಟ್ಟಿ) ಹುಟ್ಟುತ್ತದೆ. ಸ್ಫಿಂಕ್ಸ್-ಇಂಟ್ಲ್ ಎಂಬ ಸಲಕರಣೆಯ ಅಪ್‌ಡೇಟ್ ಕಮಾಂಡಿಗೆ ಕೆಎನ್ ಭಾಷೆ ಕೊಟ್ಟರೆ ಕನ್ನಡದ ಪಿಒ ಫೈಲುಗಳು ತಯಾರು. ಅವನ್ನು ಅನುವಾದದ ಸಲಕರಣೆಗಳಾದ ಪೊಎಡಿಟ್‌ನಲ್ಲೋ ವೆಬ್‌ಲೇಟ್‌ನಲ್ಲೋ ತುಂಬಬೇಕು. ಇಲ್ಲಿ ಅನುವಾದದ ಘಟಕ ಒಂದು ಪ್ಯಾರಾ, ಒಂದು ವಾಕ್ಯವಲ್ಲ. ಇಂಗ್ಲಿಷ್ ಮೂಲದ ಹತ್ತು ಸಾಲಿನ ಪ್ಯಾರಾದಲ್ಲಿ ಒಂದು ಅಲ್ಪವಿರಾಮ ಬದಲಾದರೂ ಇಡೀ ಪ್ಯಾರಾದ ಅನುವಾದ ಫಜ್ಜಿ (ಮತ್ತೆ ನೋಡಬೇಕಾದದ್ದು) ಎಂದು ಗುರುತಾಗುತ್ತದೆ. ಫಜ್ಜಿಯಾದದ್ದನ್ನು ಸ್ಫಿಂಕ್ಸ್ ಬಳಸುವುದಿಲ್ಲ; ಆ ಜಾಗದಲ್ಲಿ ಇಂಗ್ಲಿಷೇ ಕಾಣುತ್ತದೆ. ನಿನ್ನೆ ಪೂರ್ತಿ ಕನ್ನಡದಲ್ಲಿದ್ದ ಪುಟದ ನಡುವೆ ಇವತ್ತು ಇಂಗ್ಲಿಷ್ ಪ್ಯಾರಾ ಎದ್ದು ಕೂತಿದ್ದರೆ ಕಾರಣ ಇದೇ. ಮದ್ದು ಮೂಲದಲ್ಲಿದೆ: ಇಂಗ್ಲಿಷ್ ಬರೆಯುವವರು ಪ್ಯಾರಾಗಳನ್ನು ಎರಡು ಮೂರು ವಾಕ್ಯಕ್ಕೆ ನಿಲ್ಲಿಸಬೇಕು.

ಸ್ಫಿಂಕ್ಸ್‌ನ ಪುಟಗಳನ್ನು ಬರೆಯುವ ಗುರುತುಗಳ ಪದ್ಧತಿಯಾದ ರೀಸ್ಟ್ರಕ್ಚರ್ಡ್ ಟೆಕ್ಸ್ಟ್‌ಗೂ ಕನ್ನಡಕ್ಕೂ ಇರುವ ನಿಜವಾದ ಜಗಳ ವಿಭಕ್ತಿ ಪ್ರತ್ಯಯದ್ದು. ಕೋಡ್ ಪದವನ್ನು ಎರಡೆರಡು ಬ್ಯಾಕ್‌ಟಿಕ್ (`) ಗುರುತುಗಳ ನಡುವೆ ಇಡುವುದು ರೂಢಿ. ಇಂಗ್ಲಿಷಿನಲ್ಲಿ ಪದದ ನಂತರ ಜಾಗ ಬಿಟ್ಟೇ ಮುಂದಿನ ಪದ ಬರುತ್ತದೆ. ಕನ್ನಡದಲ್ಲಿ ಪ್ರತ್ಯಯ ಪದಕ್ಕೇ ಅಂಟಬೇಕು. ``ಗಿಟ್``ನಲ್ಲಿ ಎಂದು ಬರೆದರೆ, ಮುಚ್ಚುವ ಬ್ಯಾಕ್‌ಟಿಕ್ ಆದ ಮೇಲೆ ಖಾಲಿ ಜಾಗ ಅಥವಾ ವಿರಾಮಚಿಹ್ನೆ ಇಲ್ಲದ್ದರಿಂದ ಅದು ಮುಚ್ಚಿದ ಲೆಕ್ಕಕ್ಕೇ ಬರುವುದಿಲ್ಲ. ಶುರುವಾದದ್ದು ಮುಗಿಯಲಿಲ್ಲ ಎಂಬ ಎಚ್ಚರಿಕೆ ಬರುತ್ತದೆ, ಬ್ಯಾಕ್‌ಟಿಕ್‌ಗಳು ಹಾಗೇ ಪುಟದ ಮೇಲೆ ಕಾಣುತ್ತವೆ. ನಡುವೆ ಒಂದು ಹಿಂಬದಿ ಓರೆಗೆರೆ ಮತ್ತು ಖಾಲಿ ಜಾಗ ಹಾಕಬೇಕು: ``ಗಿಟ್``\ ನಲ್ಲಿ. ಆ ಖಾಲಿ ಜಾಗ ಓದುಗರಿಗೆ ಕಾಣುವುದಿಲ್ಲ, ಪ್ರತ್ಯಯ ಪದಕ್ಕೆ ಅಂಟಿಕೊಂಡೇ ಬರುತ್ತದೆ. ಪಿಒ ಫೈಲನ್ನು ಟೆಕ್ಸ್ಟ್ ಎಡಿಟರಿನಲ್ಲಿ ಕೈಯಾರೆ ತಿದ್ದುವಾಗ ಓರೆಗೆರೆಯನ್ನು ಎರಡು ಸಲ ಬರೆಯಬೇಕು, ಯಾಕೆಂದರೆ ಪಿಒ ಫೈಲಿನ ನಿಯಮದಲ್ಲಿ ಒಂದು ಓರೆಗೆರೆಗೆ ಬೇರೆ ಅರ್ಥವಿದೆ. ದಪ್ಪಕ್ಷರ, ಕೊಂಡಿ ಎಲ್ಲಕ್ಕೂ ಇದೇ ಕಥೆ. ಇದನ್ನು ತಪ್ಪಿಸಲು ಕೆಲವರು "ಗಿಟ್ ನಲ್ಲಿ" ಎಂದು ಪ್ರತ್ಯಯವನ್ನು ದೂರ ತಳ್ಳಿ ಬರೆಯುತ್ತಾರೆ. ಓದುವಾಗ ಪ್ರತಿ ಸಾಲಿನಲ್ಲೂ ಕಲ್ಲು ಸಿಕ್ಕ ಅನ್ನದ ಹಾಗಾಗುತ್ತದೆ; ದಯವಿಟ್ಟು ಬೇಡ.

ಮಾರ್ಕ್‌ಡೌನ್ ಎಂಬ ಇನ್ನೊಂದು ಪದ್ಧತಿಯಲ್ಲಿ ಈ ತೊಂದರೆ ಇಲ್ಲ. `ಗಿಟ್`ನಲ್ಲಿ ಎಂದು ನೇರ ಬರೆದರೂ ನಡೆಯುತ್ತದೆ. ದಪ್ಪಕ್ಷರಕ್ಕೆ ನಕ್ಷತ್ರ ಬಳಸಿ, ಅಡಿಗೆರೆ ಬೇಡ. ಅಡಿಗೆರೆ ಪದದ ನಡುವೆ ಕೆಲಸ ಮಾಡುವುದಿಲ್ಲ. ಸ್ಫಿಂಕ್ಸ್ ಬಿಡದೆ ಮಾರ್ಕ್‌ಡೌನ್ ಬರೆಯಬೇಕೆಂದರೆ ಮಿಸ್ಟ್ ಪಾರ್ಸರ್ ಎಂಬ ಎಕ್ಸ್‌ಟೆನ್ಶನ್ ಇದೆ. ಕನ್ನಡದಲ್ಲೇ ನೇರವಾಗಿ ಕೈಪಿಡಿ ಬರೆಯುವ ತಂಡ ಮೊದಲ ದಿನವೇ ಮಿಸ್ಟ್ ಹಾಕಿಕೊಳ್ಳುವುದು ಒಳ್ಳೆಯದು.

ಇನ್ನೊಂದು, ತಲೆಬರಹಗಳ ಕೊಂಡಿ. ತಲೆಬರಹ ಇಂಗ್ಲಿಷಿನಲ್ಲಿದ್ದರೆ ಅದರಿಂದಲೇ ಕೊಂಡಿಯ ಹೆಸರು ಹುಟ್ಟುತ್ತದೆ. "ಚೀಲದ ತೂಕ ಬದಲಿಸುವುದು" ಎಂಬ ತಲೆಬರಹದಿಂದ ಇಂಗ್ಲಿಷ್ ಅಕ್ಷರ ಒಂದೂ ಸಿಗದೆ, ಐಡಿ1, ಐಡಿ2 ಎಂದು ನಂಬರು ಬೀಳುತ್ತದೆ. ನಡುವೆ ಹೊಸ ತಲೆಬರಹ ಸೇರಿಸಿದರೆ ನಂಬರು ಜರುಗುತ್ತದೆ, ನೀವು ಹಂಚಿದ್ದ ಕೊಂಡಿ ಬೇರೆ ವಿಷಯಕ್ಕೆ ಕರೆದೊಯ್ಯುತ್ತದೆ. ಎಂಕೆಡಾಕ್ಸ್ ಎಂಬ ಇನ್ನೊಂದು ಕೈಪಿಡಿ ಕಟ್ಟುವ ತಂತ್ರಾಂಶದಲ್ಲೂ ಇದೇ ಆಗುತ್ತದೆ, ಅಲ್ಲಿ ಅಡಿಗೆರೆ ಮತ್ತು ನಂಬರು. ಪ್ರತಿ ಮುಖ್ಯ ತಲೆಬರಹಕ್ಕೂ ಇಂಗ್ಲಿಷ್ ಅಕ್ಷರದಲ್ಲಿ ಒಂದು ಲೇಬಲ್ ನೀವೇ ಕೊಡಿ. ಫೈಲಿನ ಹೆಸರೂ ಇಂಗ್ಲಿಷಿನ ಸಣ್ಣಕ್ಷರದಲ್ಲೇ ಇರಲಿ. ಕನ್ನಡದ ಒಂದೊಂದು ಅಕ್ಷರಘಟಕ ಯುಟಿಎಫ್-8 ಎಂಬ ಸಂಕೇತಪದ್ಧತಿಯಲ್ಲಿ 3 ಬೈಟು. ಕೊಂಡಿಯನ್ನು ನಕಲು ಮಾಡಿದಾಗ ಒಂದು ಬೈಟಿಗೆ 3 ಚಿಹ್ನೆ. "ಕನ್ನಡ" ಎಂಬ ಫೈಲು ಹೆಸರು 45 ಚಿಹ್ನೆಯ ಶೇಕಡಾ ಗುರುತುಗಳ ಸಾಲಾಗಿ ವಾಟ್ಸಾಪ್‌ನಲ್ಲಿ ಬೀಳುತ್ತದೆ. ಅದನ್ನು ನೋಡಿ ಒತ್ತುವ ಧೈರ್ಯ ಯಾರಿಗೂ ಬರುವುದಿಲ್ಲ.

ಮೂರನೆಯ ಪ್ರಶ್ನೆಗೆ ಬರೋಣ: ಹುಡುಕಾಟ. ಸ್ಫಿಂಕ್ಸ್ ತಾನೇ ಕಟ್ಟುವ ಹುಡುಕುಪಟ್ಟಿ ಕನ್ನಡವನ್ನು ಹೇಗೆ ತುಂಡರಿಸುತ್ತದೆ ಎಂದು ಹತ್ತಿರದಿಂದ ನೋಡಿ. ಪದ ಎಂದರೆ ಅಕ್ಷರ ಮತ್ತು ಅಂಕಿಗಳ ಸಾಲು ಎಂಬುದು ಪೈಥಾನ್‌ನ ಪದವಿಭಜನೆಯ ನಿಯಮ. ಯೂನಿಕೋಡ್ ಲೆಕ್ಕದಲ್ಲಿ ಕನ್ನಡದ ಕಾಗುಣಿತ ಚಿಹ್ನೆಗಳೂ ಅರ್ಧಾಕ್ಷರದ ವಿರಾಮವೂ ಅಕ್ಷರಗಳಲ್ಲ, ಗುರುತುಗಳು. ಹಾಗಾಗಿ ಪ್ರತಿ ಗುರುತಿನ ಹತ್ತಿರ ಪದ ತುಂಡಾಗುತ್ತದೆ. "ಕನ್ನಡ" ಎಂಬುದು "ಕನ", "ನಡ" ಎಂದು ಎರಡಾಗುತ್ತದೆ. "ಚೀಟಿ" ಎಂಬುದರಲ್ಲಿ "ಚ", "ಟ" ಮಾತ್ರ ಉಳಿಯುತ್ತವೆ. "ಚಾಟಿ" ಎಂಬುದರಲ್ಲೂ ಉಳಿಯುವುದು ಅವೇ ಎರಡು. "ತೂಕ" ಎಂದರೆ "ತ", "ಕ". ಓದುಗರು ಹುಡುಕುಪೆಟ್ಟಿಗೆಯಲ್ಲಿ ಹೊಡೆದದ್ದನ್ನು ಬ್ರೌಸರಿನ ಕಡೆಯ ಕೋಡ್ ಕೂಡ ಹೀಗೇ ತುಂಡರಿಸುವುದರಿಂದ ಹುಡುಕಾಟ ಪೂರ್ತಿ ಸತ್ತ ಹಾಗೆ ಕಾಣುವುದಿಲ್ಲ. ಅದೇ ಹೆಚ್ಚು ಅಪಾಯ. ಏನೋ ಫಲಿತಾಂಶ ಬರುತ್ತದೆ, ಹತ್ತಾರು ಪುಟ ಬರುತ್ತವೆ, ಬೇಕಾದದ್ದು ಎಲ್ಲೋ ಕೆಳಗೆ ಹೂತುಹೋಗಿರುತ್ತದೆ. ತಾಣ ಮಾಡಿದವರು ಒಂದು ಪದ ಹೊಡೆದು ನೋಡಿ, ಬರುತ್ತಿದೆಯಲ್ಲ ಎಂದು ಬಿಟ್ಟುಬಿಡುತ್ತಾರೆ.

ಸರಿಪಡಿಸುವ ದಾರಿ ಇದೆ, ಪೈಥಾನ್ ಬಲ್ಲವರಿಗೆ ಅರ್ಧ ದಿನದ ಕೆಲಸ. ಹೊಸ ಹುಡುಕುಭಾಷೆ ಸೇರಿಸಲು ಸ್ಫಿಂಕ್ಸ್ ಅವಕಾಶ ಕೊಡುತ್ತದೆ. ಕನ್ನಡಕ್ಕೆ ಒಂದು ಕ್ಲಾಸ್ ಬರೆದು, ಅದರ ವಿಭಜನೆಯಲ್ಲಿ ಕನ್ನಡದ ಇಡೀ ಯೂನಿಕೋಡ್ ಬ್ಲಾಕನ್ನು ಪದದ ಭಾಗ ಎಂದು ಸೇರಿಸಬೇಕು. ಆದರೆ ಅಷ್ಟಕ್ಕೇ ನಿಲ್ಲಿಸಿದರೆ ಮೊದಲಿಗಿಂತ ಕೆಡುತ್ತದೆ: ಪಟ್ಟಿಯಲ್ಲಿ ಇಡೀ ಪದ, ಬ್ರೌಸರು ಹುಡುಕುವುದು ತುಂಡು, ಫಲಿತಾಂಶ ಸೊನ್ನೆ. ಅದೇ ಕ್ಲಾಸಿನಲ್ಲಿ ಜಾವಾಸ್ಕ್ರಿಪ್ಟ್ ಕಡೆಯ ವಿಭಜನೆಯನ್ನೂ ಬದಲಿಸಲೇಬೇಕು. ಎರಡೂ ಸರಿಯಾದ ಮೇಲೂ "ಚೀಲ" ಹುಡುಕಿದವರಿಗೆ "ಚೀಲದ", "ಚೀಲಕ್ಕೆ", "ಚೀಲವನ್ನು" ಒಂದೇ ಪದ ಎಂದು ಯಂತ್ರಕ್ಕೆ ಹೊಳೆಯುವುದಿಲ್ಲ. ಪ್ರತ್ಯಯ ಕಳಚುವ ವಿದ್ಯೆ ಬೇರೆಯೇ.

ರೀಡ್ ದ ಡಾಕ್ಸ್ ತನ್ನ ಸರ್ವರಿನಲ್ಲಿ ನಡೆಸುವ ಹುಡುಕಾಟ ಸ್ಫಿಂಕ್ಸ್‌ನದ್ದಲ್ಲ, ಬೇರೆ ಯಂತ್ರದ್ದು. ಪ್ರಕಟಿಸುವ ಮುಂಚೆ ಎರಡನ್ನೂ ಮೂರು ಬಗೆಯ ಪದ ಕೊಟ್ಟು ಪರೀಕ್ಷಿಸಿ: ಗುಣಿತಾಕ್ಷರವಿಲ್ಲದ "ದರ", ದೀರ್ಘ ಇರುವ "ಚೀಟಿ", ಒತ್ತಕ್ಷರ ಇರುವ "ಅಕ್ಕಿ". ಮೂರಕ್ಕೂ ಸರಿಯಾದ ಪುಟ ಮೊದಲ ಐದರಲ್ಲಿ ಬಂದರೆ ಮಾತ್ರ ಹುಡುಕಾಟವನ್ನು ನಂಬಿ.

ನಮ್ಮ ಮಟ್ಟಿಗೆ ಹೆಚ್ಚು ಭರವಸೆಯ ಉಪಾಯ ಹಳೆಯ ಪುಸ್ತಕಗಳದ್ದು, ಪದಸೂಚಿ. ಸ್ಫಿಂಕ್ಸ್‌ನಲ್ಲಿ ಇಂಡೆಕ್ಸ್ ಎಂಬ ನಿರ್ದೇಶನ ಇದೆ. ಚೀಲದ ತೂಕ ಬದಲಿಸುವ ಪುಟದ ನೆತ್ತಿಯಲ್ಲಿ "ಚೀಲ", "ತೂಕ", "75 ಕೆ.ಜಿ.", "ಕ್ವಿಂಟಲ್" ಎಂದು ಬರೆದಿಟ್ಟರೆ ತಾಣಕ್ಕೆಲ್ಲ ಸೇರಿ ಒಂದು ಪದಸೂಚಿ ಪುಟ ತಾನಾಗಿ ತಯಾರಾಗುತ್ತದೆ, ಅಕ್ಷರವಾರು. ಕನ್ನಡದ ಕ್ರಮವೂ ಬಹುಮಟ್ಟಿಗೆ ಸರಿ ಬರುತ್ತದೆ. ಯೂನಿಕೋಡ್‌ನಲ್ಲಿ ಳ ಕೊನೆಗೆ ಇರದೆ ಲ ಮತ್ತು ವ ನಡುವೆ ಕೂತಿರುವುದರಿಂದ ಆ ಒಂದಕ್ಷರ ಮಾತ್ರ ಜಾಗ ತಪ್ಪುತ್ತದೆ. ಗಿರಣಿಯವರು ನಿಜಕ್ಕೂ ಆಡುವ ಪದವನ್ನೇ ಸೂಚಿಯಲ್ಲಿ ಹಾಕಿ. ಮೆನುವಿನಲ್ಲಿ "ತೂಕದ ಮಾನಕ" ಎಂದಿದ್ದರೂ ಜನ ಹುಡುಕುವುದು "ಚೀಲ" ಎಂದೇ.

ಹುಡುಕಾಟವನ್ನು ಕೆಡಿಸುವ ಮತ್ತೊಂದು ಕಣ್ಣಿಗೆ ಕಾಣದ್ದು. "ಸಾಫ್ಟ್‌ವೇರ್" ಎಂದು ಬರೆಯುವಾಗ ಟ ಮತ್ತು ವ ಬೇರೆ ಬೇರೆ ನಿಲ್ಲಲು ನಡುವೆ ಝೀರೋ ವಿಡ್ತ್ ನಾನ್ ಜಾಯ್ನರ್ ಎಂಬ ಅಗೋಚರ ಅಕ್ಷರ ಸೇರುತ್ತದೆ. ಅದಿಲ್ಲದೆ "ಸಾಫ್ಟ್ವೇರ್" ಎಂದು ಬರೆದರೆ, ಪದವನ್ನು ಇಡಿಯಾಗಿ ಹುಡುಕುವ ಯಂತ್ರಕ್ಕೆ ಅದು ಬೇರೆ ಪದ. ಒಬ್ಬರು ಒಂದು ರೀತಿ, ಇನ್ನೊಬ್ಬರು ಇನ್ನೊಂದು ರೀತಿ ಬರೆದ ಕೈಪಿಡಿಯಲ್ಲಿ ಅರ್ಧ ಪುಟಗಳು ಹುಡುಕಾಟಕ್ಕೆ ಸಿಗುವುದೇ ಇಲ್ಲ. ಗ್ಲಾಸರಿ ಪುಟ ಮಾಡಿ, ಯಾವ ಪದ ಹೇಗೆ ಎಂದು ತೀರ್ಮಾನಿಸಿ, ಎಲ್ಲರೂ ಅದನ್ನೇ ನಕಲು ಮಾಡಿ ಅಂಟಿಸಲಿ. ಇನ್ನು ನುಡಿ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ ಬರಹ. ಬಳ್ಳಾರಿ, ರಾಯಚೂರಿನ ಡಿಟಿಪಿ ಅಂಗಡಿಯಿಂದ ಬಂದ ಫೈಲು ಹೀಗಿರುವುದು ಮಾಮೂಲು. ಅದನ್ನು ಹಾಗೇ ಅಂಟಿಸಿದರೆ ಇಂಗ್ಲಿಷ್ ಅಕ್ಷರಗಳ ಗೊಜ್ಜು ಕಾಣುತ್ತದೆ. ಮೊದಲು ಯೂನಿಕೋಡ್‌ಗೆ ಬದಲಿಸಿ, ಆಮೇಲೆ ಅರ್ಕಾವತ್ತು ಮತ್ತು ಒತ್ತಕ್ಷರಗಳ ಹತ್ತಿರ ಒಮ್ಮೆ ಕಣ್ಣಾಡಿಸಿ. ಪರಿವರ್ತನೆ ಎಡವುವುದು ಅಲ್ಲೇ ಹೆಚ್ಚು.

ಸೇವೆ ಯಾವುದೇ ಇರಲಿ, ಪುಟಗಳನ್ನು ಜೋಡಿಸುವ ಕೆಲಸ ನಿಮ್ಮದೇ. ಟಾಕ್‌ಟ್ರೀಗೆ (ಪರಿವಿಡಿಗೆ) ಸೇರದ ಪುಟ ಇದ್ದರೆ ಸ್ಫಿಂಕ್ಸ್ ಎಚ್ಚರಿಸುತ್ತದೆ. ಯಾಮಲ್‌ನಲ್ಲಿ ಫೇಲ್ ಆನ್ ವಾರ್ನಿಂಗ್ ಟ್ರೂ ಎಂದಿಟ್ಟರೆ ಬಿಲ್ಡೇ ನಿಲ್ಲುತ್ತದೆ, ಇಟ್ಟುಕೊಳ್ಳಿ. ಆದರೆ ಬರೆಯದ ಪುಟದ ಬಗ್ಗೆ ಯಾವ ಯಂತ್ರವೂ ಎಚ್ಚರಿಸುವುದಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯಲ್ಲಿ ಮೇಲ್ಭಾಗದವರಿಗೆ ನೀರು ಬೇಕಾದಷ್ಟು, ಕೊನೆ ಭಾಗದವರಿಗೆ ಹೋರಾಟ ಎಂಬುದು ರಾಯಚೂರಿನವರಿಗೆ ಹೇಳಿಕೊಡಬೇಕಾದ ಮಾತಲ್ಲ. ಓಪನ್ ಸೋರ್ಸ್ ಕೈಪಿಡಿಗಳೂ ಹಾಗೇ ಇವೆ. ಇನ್‌ಸ್ಟಾಲ್ ಮಾಡುವ ಪುಟ ಉಕ್ಕಿ ಹರಿಯುತ್ತದೆ. ಹಳೆಯ ಆವೃತ್ತಿಯಿಂದ ಹೊಸದಕ್ಕೆ ಡೇಟಾ ಸಾಗಿಸುವುದು, ಬ್ಯಾಕಪ್‌ನಿಂದ ಮರಳಿ ತರುವುದು, ಪ್ರಿಂಟರು ಚೀಟಿ ಹೊರಡಿಸದಿದ್ದಾಗ ಏನು ಮಾಡುವುದು ಎಂಬ ಪುಟಗಳು ಒಣಗಿರುತ್ತವೆ. ಡೇನಿಯೆಲೆ ಪ್ರೋಚಿಡಾ ರೂಪಿಸಿದ ಡಯಾಟಾಕ್ಸಿಸ್ ಎಂಬ ವಿಂಗಡಣೆ ಇಲ್ಲಿ ಉಪಯೋಗಕ್ಕೆ ಬರುತ್ತದೆ: ಕೈಹಿಡಿದು ಕಲಿಸುವ ಪಾಠ, ಒಂದು ಕೆಲಸಕ್ಕೆ ಒಂದು ಪುಟ, ಆಕರ, ವಿವರಣೆ ಎಂದು ನಾಲ್ಕು. ಸಣ್ಣ ತಂಡಕ್ಕೆ ನಾಲ್ಕನ್ನೂ ಒಟ್ಟಿಗೆ ತುಂಬಲು ಆಗದು. ಎರಡನೆಯದರಿಂದ ಶುರುಮಾಡಿ, ಅದರಲ್ಲೂ ಕೊನೆ ಭಾಗದ ಪುಟಗಳಿಂದ. ಗುಮಾಸ್ತರು ಕೈಪಿಡಿ ತೆರೆಯುವುದೇ ಏನಾದರೂ ಕೆಟ್ಟಾಗ.

ಪಿಡಿಎಫ್ ಬೇಕೆಂದರೆ ಯಾಮಲ್‌ನ ಫಾರ್ಮ್ಯಾಟ್ಸ್‌ನಲ್ಲಿ ಕೇಳಬಹುದು. ಪಿಡಿಎಫ್ ಅಚ್ಚು ಜೋಡಿಸುವ ಮಾಮೂಲಿ ಎಂಜಿನ್ ಪಿಡಿಎಫ್‌ಲೇಟೆಕ್ ಕನ್ನಡ ಕಂಡರೆ ನಿಲ್ಲುತ್ತದೆ. ಕಾನ್ಫ್‌ನಲ್ಲಿ ಲೇಟೆಕ್ ಎಂಜಿನ್ ಝೀಲೇಟೆಕ್ ಎಂದು ಬದಲಿಸಿ, ನೋಟೊ ಸೆರಿಫ್ ಕನ್ನಡ ಅಥವಾ ಗುಬ್ಬಿ ಫಾಂಟನ್ನು ಮುಖ್ಯ ಫಾಂಟಾಗಿ, ಸ್ಕ್ರಿಪ್ಟ್ ಕನ್ನಡ ಎಂಬ ಸೂಚನೆಯೊಂದಿಗೆ ಕೊಡಬೇಕು. ಸ್ಕ್ರಿಪ್ಟ್ ಸೂಚನೆ ಮರೆತರೆ ಒತ್ತಕ್ಷರಗಳು ಕೆಳಗಿಳಿಯದೆ ಸಾಲಿನಲ್ಲೇ ನಿಲ್ಲುತ್ತವೆ. ಫಾಂಟು ರೀಡ್ ದ ಡಾಕ್ಸ್‌ನ ಯಂತ್ರದಲ್ಲಿ ಇರಬೇಕಲ್ಲ, ಅದಕ್ಕೆ ಯಾಮಲ್‌ನ ಆಪ್ಟ್ ಪ್ಯಾಕೇಜಸ್‌ನಲ್ಲಿ ಫಾಂಟಿನ ಪ್ಯಾಕೇಜ್ ಸೇರಿಸಿ. ಕೋಡ್ ತುಣುಕಿನ ಒಳಗೆ ಕನ್ನಡ ಟಿಪ್ಪಣಿ ಇದ್ದರೆ ಅಲ್ಲಿಯ ಮೊನೊ ಫಾಂಟಿನಲ್ಲಿ ಕನ್ನಡ ಇಲ್ಲದೆ ಚೌಕಗಳು ಬರುತ್ತವೆ. ಟಿಪ್ಪಣಿಯನ್ನು ತುಣುಕಿನ ಹೊರಗೆ ತನ್ನಿ. ಜಾಲಪುಟಕ್ಕೆ ಬೇರೆ ಫಾಂಟು ಇಳಿಸುವುದು ಬೇಡ, ಮೊಬೈಲಿನಲ್ಲಿ ಕನ್ನಡ ಫಾಂಟು ಇದ್ದೇ ಇರುತ್ತದೆ. ಸಾಲಿನ ಎತ್ತರ ಮಾತ್ರ 1.7 ರಷ್ಟು ಇಡಿ, ಒತ್ತಕ್ಷರ ಕೆಳಸಾಲಿಗೆ ತಾಗುವುದಿಲ್ಲ.

ಬೇರೆ ದಾರಿಗಳನ್ನು ಬೇಗ ನೋಡೋಣ. ಎಂಕೆಡಾಕ್ಸ್ ಮತ್ತು ಅದರ ಮಟೀರಿಯಲ್ ಥೀಮ್ ಕಲಿಯಲು ಸುಲಭ, ಬರೆಯುವುದೆಲ್ಲ ಮಾರ್ಕ್‌ಡೌನ್, ಮತ್ತು ಮಟೀರಿಯಲ್‌ನ ಹುಡುಕುಭಾಷೆಗಳ ಪಟ್ಟಿಯಲ್ಲಿ ಕನ್ನಡ ಇದೆ. ಒಂದೇ ಆವೃತ್ತಿ, ಒಂದೇ ಭಾಷೆಯ ಸಣ್ಣ ಕೈಪಿಡಿಗೆ ಇದನ್ನೇ ಆರಿಸುವುದು ಮೇಲು. ರೀಡ್ ದ ಡಾಕ್ಸ್ ಇದನ್ನೂ ಬಿಲ್ಡ್ ಮಾಡುತ್ತದೆ. ಆವೃತ್ತಿಗಳನ್ನು, ಗಿಟ್‌ಹಬ್‌ನದೇ ತಾಣಸೇವೆಯಾದ ಗಿಟ್‌ಹಬ್ ಪೇಜಸ್‌ನಲ್ಲಿ ಇಡಬೇಕೆಂದರೆ ಮೈಕ್ ಎಂಬ ಸಲಕರಣೆ ಬೇಕು. ಮೆಟಾ ಕಂಪನಿಯ ಡಾಕ್ಯುಸಾರಸ್ ದೊಡ್ಡ ಯೋಜನೆಗೆ ಚೆನ್ನ. ಆದರೆ ಪ್ರತಿ ಆವೃತ್ತಿಗೂ ಇಡೀ ಡಾಕ್ಸ್ ಫೋಲ್ಡರನ್ನೇ ನಕಲು ಮಾಡಿ ಇಡುತ್ತದೆ, ಮೂರನೆಯ ಆವೃತ್ತಿಯ ಹೊತ್ತಿಗೆ ಒಂದು ತಪ್ಪನ್ನು ನಾಲ್ಕು ಕಡೆ ತಿದ್ದಬೇಕಾಗುತ್ತದೆ. ಬೇಸ್ ಯುಆರ್‌ಎಲ್‌ನಲ್ಲಿ ರೆಪೊಸಿಟರಿಯ ಹೆಸರು ಬರೆಯದೆ ಗಿಟ್‌ಹಬ್ ಪೇಜಸ್‌ಗೆ ಹಾಕಿದರೆ ಬಣ್ಣ, ವಿನ್ಯಾಸ ಏನೂ ಇಲ್ಲದ ಬೋಳು ಪುಟ ಬರುತ್ತದೆ.

ಗಿಟ್‌ಹಬ್ ಪೇಜಸ್‌ನಲ್ಲಿ ತಾಣದ ಗಾತ್ರ 1 ಜಿಬಿ ಮೀರಬಾರದು, ತಿಂಗಳಿಗೆ 100 ಜಿಬಿ ಓಡಾಟದ ಮೆದು ಮಿತಿ ಇದೆ. ಪಠ್ಯದ ಕೈಪಿಡಿಗೆ ಎರಡೂ ಧಾರಾಳ. ಬ್ರಾಂಚಿನಿಂದ ನೇರ ಪ್ರಕಟಿಸುವಾಗ ಸ್ಫಿಂಕ್ಸ್ ಪುಟಗಳು ಬೋಳಾಗಿ ಬಂದರೆ, ಅಡಿಗೆರೆಯಿಂದ ಶುರುವಾಗುವ ಫೋಲ್ಡರುಗಳನ್ನು ಅಲ್ಲಿಯ ಜೆಕಿಲ್ ಎಂಬ ತಾಣ ಕಟ್ಟುವ ತಂತ್ರಾಂಶ ಕೈಬಿಟ್ಟಿದೆ ಎಂದರ್ಥ. ಚುಕ್ಕಿ ಸೇರಿಸಿ ನೋಜೆಕಿಲ್ ಎಂಬ ಖಾಲಿ ಫೈಲು ಇಟ್ಟರೆ ಸರಿಹೋಗುತ್ತದೆ. ವಿಂಡೋಸ್‌ನಲ್ಲಿ ಕಂಡ ಚಿತ್ರ ತಾಣದಲ್ಲಿ ಕಾಣದಿದ್ದರೆ ಫೈಲಿನ ಹೆಸರಿನಲ್ಲಿ ದೊಡ್ಡಕ್ಷರ, ಸಣ್ಣಕ್ಷರ ತಾಳೆ ನೋಡಿ.

ನೆಟ್‌ವರ್ಕ್ ಸರಿಯಿಲ್ಲದ ಗಿರಣಿಗೋ ಕಾಲೇಜಿನ ಲ್ಯಾಬಿಗೋ ಕೈಪಿಡಿಯನ್ನು ಪೆನ್‌ಡ್ರೈವಿನಲ್ಲಿ ಕೊಡುವ ಅಗತ್ಯ ಈ ಭಾಗದಲ್ಲಿ ಮೇಲಿಂದ ಮೇಲೆ ಬರುತ್ತದೆ. ಇಲ್ಲಿ ಸ್ಫಿಂಕ್ಸ್ ಗೆಲ್ಲುತ್ತದೆ. ಮೇಕ್ ಎಚ್‌ಟಿಎಂಎಲ್ ಕೊಟ್ಟು ಬಂದ ಫೋಲ್ಡರನ್ನು ಹಾಗೇ ನಕಲು ಮಾಡಿದರೆ ಇಂಡೆಕ್ಸ್ ಪುಟ, ಕೊಂಡಿ, ಪದಸೂಚಿ, ಹುಡುಕುಪೆಟ್ಟಿಗೆ ಎಲ್ಲವೂ ನೆಟ್ ಇಲ್ಲದೆ ನಡೆಯುತ್ತವೆ. ರೀಡ್ ದ ಡಾಕ್ಸ್ ಕೊಡುವ ಎಚ್‌ಟಿಎಂಎಲ್ ಜಿಪ್ ಬೇರೆ ತರಹದ್ದು, ಇಡೀ ಕೈಪಿಡಿ ಒಂದೇ ಉದ್ದ ಪುಟವಾಗಿರುತ್ತದೆ. ಅದರಲ್ಲಿ ಬ್ರೌಸರಿನ ಕಂಟ್ರೋಲ್ ಎಫ್ ಒತ್ತಿ "ಚೀಟಿ" ಹುಡುಕಿದರೆ ಚೀಟಿಯೇ ಸಿಗುತ್ತದೆ. ಎಂಕೆಡಾಕ್ಸ್‌ನದ್ದಾದರೆ ಯೂಸ್ ಡೈರೆಕ್ಟರಿ ಯುಆರ್‌ಎಲ್ಸ್ ಎಂಬುದನ್ನು ಫಾಲ್ಸ್ ಮಾಡದಿದ್ದರೆ ಕೊಂಡಿ ಒತ್ತಿದಾಗ ಪುಟದ ಬದಲು ಫೋಲ್ಡರಿನ ಪಟ್ಟಿ ತೆರೆಯುತ್ತದೆ. ಮಟೀರಿಯಲ್‌ನ ಆಫ್‌ಲೈನ್ ಪ್ಲಗಿನ್ ಹಾಕದೆ ಹುಡುಕಾಟ ನಡೆಯುವುದಿಲ್ಲ. ಯಾವುದನ್ನೇ ಕೊಡಿ, ಫೋಲ್ಡರಿನ ಹೆಸರಿನಲ್ಲೇ ತಂತ್ರಾಂಶದ ಆವೃತ್ತಿ ಸಂಖ್ಯೆ ಮತ್ತು ತೆಗೆದ ದಿನಾಂಕ ಬರೆಯಿರಿ. ಪೆನ್‌ಡ್ರೈವಿಗೆ ಹೋದ ಪ್ರತಿಗೆ ಮೂಲೆಯಲ್ಲಿ ಆವೃತ್ತಿ ಆರಿಸುವ ಪಟ್ಟಿ ಇರುವುದಿಲ್ಲ.